ವಿಷಯದೊಳಗೊಂದು ವಿಶಯ

ಪದವಿ ತರಗತಿಯ ಪ್ರಾಜೆಕ್ಟ್ ಇರಲಿ, ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧ ಇರಲಿ, ಮಾರ್ಗದರ್ಶಕರ ಬಾಯಿಂದ ಮೊದಲು ಬರುವ ಮಾತು ಸಾಮಾನ್ಯವಾಗಿ ಒಂದೇ: ವಿಷಯ ಬಹಳ ದೊಡ್ಡದಾಯಿತು, ಕಿರಿದು ಮಾಡಿಕೊಂಡು ಬನ್ನಿ. ವಿದ್ಯಾರ್ಥಿನಿ ಹೋಗಿ ‘ಬೆಂಗಳೂರಿನ ಕೆರೆಗಳು: ಒಂದು ಅಧ್ಯಯನ’ ಎಂದಿದ್ದುದನ್ನು ‘ಬೆಂಗಳೂರು ದಕ್ಷಿಣ ತಾಲ್ಲೂಕಿನ ಕೆರೆಗಳು: ಒಂದು ಅಧ್ಯಯನ’ ಎಂದು ತಿದ್ದಿ ತರುತ್ತಾಳೆ. ಸಹಿ ಬೀಳುತ್ತದೆ. ಆರು ತಿಂಗಳಾದ ಮೇಲೆ ಬೈಂಡ್ ಆಗಿ ಬರುವ ಪುಸ್ತಕದಲ್ಲಿ ಕೆರೆಗಳ ಹೆಸರು, ವಿಸ್ತೀರ್ಣ, ಒತ್ತುವರಿಯ ಲೆಕ್ಕ, ಕೊನೆಗೆ ಕೆರೆಗಳನ್ನು ಉಳಿಸಬೇಕು ಎಂಬ ಉಪಸಂಹಾರ ಇರುತ್ತವೆ. ವ್ಯಾಪ್ತಿ ಕಿರಿದಾದದ್ದು ನಿಜ. ಆದರೆ ಮೊದಲು ಗೊತ್ತಿಲ್ಲದ ಯಾವ ಸಂಗತಿ ಇದನ್ನು ಓದಿದ ಮೇಲೆ ಗೊತ್ತಾಯಿತು ಎಂದು ಕೇಳಿದರೆ ಬರೆದವರೂ ತಡವರಿಸುತ್ತಾರೆ, ಸಹಿ ಹಾಕಿದವರೂ ತಡವರಿಸುತ್ತಾರೆ.

ಸಂಶೋಧನೆಯ ವಿಷಯವನ್ನು ಹದಗೊಳಿಸುವುದು ಎಂದರೆ ಏನು ಎಂಬ ಪ್ರಶ್ನೆಗೆ ಮೇಷ್ಟರುಗಳು, ತತ್ತ್ವಜ್ಞಾನಿಗಳು, ಗ್ರಂಥಪಾಲಕರು, ಸಮಾಜಶಾಸ್ತ್ರಜ್ಞರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಎಲ್ಲೆ ಕಿರಿದು ಮಾಡುವುದೇ ಹದ ಎನ್ನುವವರಿದ್ದಾರೆ, ಪ್ರಶ್ನೆ ಹುಟ್ಟಿಸುವುದು ಎನ್ನುವವರಿದ್ದಾರೆ, ಆಕರ ಸಿಗುವ ಕಡೆಗೆ ತಿರುಗುವುದು ಎನ್ನುವವರಿದ್ದಾರೆ, ಗೊಂದಲದಲ್ಲಿ ಒಂದಷ್ಟು ದಿನ ಕಳೆಯುವುದೇ ಹದ ಎನ್ನುವವರೂ ಇದ್ದಾರೆ. ಇವರೆಲ್ಲರ ವಾದಗಳನ್ನು ಇಲ್ಲಿ ಒಂದೆಡೆ ಹರಡಿ ನೋಡುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಲ್ಲೆ ಕುಗ್ಗಿಸಿದ ಮಾತ್ರಕ್ಕೆ ವಿಷಯ ಹದಕ್ಕೆ ಬರುವುದಿಲ್ಲ. ಅದರೊಳಗೆ ಒಂದು ಸಂಶಯ ಕಾಣಬೇಕು, ಆ ಸಂಶಯ ಕೈಗೆ ಸಿಗುವ ಆಕರದಿಂದ ಬಗೆಹರಿಯುವಂಥದ್ದಾಗಿರಬೇಕು, ಮತ್ತು ನಾವು ಊಹಿಸಿದ ಉತ್ತರ ತಪ್ಪಾಗುವ ಸಾಧ್ಯತೆಯೂ ತೆರೆದಿರಬೇಕು. ಇಂಥ ಸಂಶಯ ಓದು ಶುರುವಾದ ಮೇಲೆ ಹುಟ್ಟುತ್ತದೆ. ನಮ್ಮ ಪದ್ಧತಿ ಅದನ್ನು ಓದಿಗೆ ಮೊದಲೇ ಬರೆದುಕೊಡಿ ಎನ್ನುತ್ತದೆ.

ಒಂದಕ್ಷರದ ಅಂತರ

ಈ ಮಾತಿಗೆ ನಮ್ಮಲ್ಲಿಯೇ ಬಹಳ ಹಳೆಯ ಆಧಾರವಿದೆ. ಪೂರ್ವಮೀಮಾಂಸಕರು ಒಂದು ಚರ್ಚೆಯನ್ನು ‘ಅಧಿಕರಣ’ ಎಂಬ ಘಟಕವಾಗಿ ಕಟ್ಟುತ್ತಿದ್ದರು. ಮೊದಲಿಗೆ ವಿಷಯ, ಬಳಿಕ ಸಂಶಯ, ಆಮೇಲೆ ಪೂರ್ವಪಕ್ಷ, ಅದಕ್ಕೆ ಸಿದ್ಧಾಂತ, ಜೊತೆಗೆ ಹಿಂದುಮುಂದಿನ ಚರ್ಚೆಗಳೊಂದಿಗೆ ಇದರ ಸಂಗತಿ. ಐದು ಅಂಗಗಳನ್ನು ಎಣಿಸುವುದರಲ್ಲಿ ಗ್ರಂಥದಿಂದ ಗ್ರಂಥಕ್ಕೆ ತುಸು ವ್ಯತ್ಯಾಸವಿದೆಯಾದರೂ ವಿಷಯದ ಬೆನ್ನಿಗೇ ಸಂಶಯ ಬರುವುದರಲ್ಲಿ ಯಾರಿಗೂ ಭಿನ್ನಮತವಿಲ್ಲ. ಸಂಶಯಕ್ಕೆ ಅವರು ಬಳಸುತ್ತಿದ್ದ ಇನ್ನೊಂದು ಹೆಸರು ‘ವಿಶಯ’. ವಿಷಯಕ್ಕೂ ವಿಶಯಕ್ಕೂ ಒಂದೇ ಅಕ್ಷರದ ಅಂತರ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಜೈಮಿನಿಯ ಸೂತ್ರಗಳ ಅಧಿಕರಣಗಳನ್ನೆಲ್ಲ ಸಂಗ್ರಹಿಸಿ ‘ಜೈಮಿನೀಯ ನ್ಯಾಯಮಾಲಾ’ ರಚಿಸಿದಾಗ ಅನುಸರಿಸಿದ್ದು ಇದೇ ಚೌಕಟ್ಟನ್ನು. ನ್ಯಾಯದರ್ಶನದವರಂತೂ ಹದಿನಾರು ಪದಾರ್ಥಗಳ ಪಟ್ಟಿಯಲ್ಲಿ ಸಂಶಯಕ್ಕೂ ಪ್ರಯೋಜನಕ್ಕೂ ಬೇರೆ ಬೇರೆ ಸ್ಥಾನ ಕೊಟ್ಟರು. ಸಂಶಯವಿಲ್ಲದ ಕಡೆ ವಿಚಾರಣೆಗೆ ಕೆಲಸವಿಲ್ಲ ಎಂಬುದು ಅವರ ನಂಬಿಕೆ.

ಇದನ್ನು ಹೇಳುವುದು ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂದು ಬೀಗುವುದಕ್ಕಲ್ಲ. ಮೀಮಾಂಸಕರ ಸಂಶಯ ಹುಟ್ಟುತ್ತಿದ್ದುದು ವೇದವಾಕ್ಯದ ಅರ್ಥದ ಬಗ್ಗೆ. ಪ್ರಮಾಣ ಯಾವುದು ಎಂಬುದು ಅಲ್ಲಿ ಮೊದಲೇ ಗೊತ್ತಿರುವ ಸಂಗತಿ. ಇಂದಿನ ವಿದ್ಯಾರ್ಥಿಗೆ ಆ ನೆಮ್ಮದಿಯಿಲ್ಲ. ಯಾವ ದಾಖಲೆಯನ್ನು ನಂಬಬೇಕು ಎಂಬುದೂ ಅವನಿಗೆ ಒಂದು ಪ್ರಶ್ನೆಯೇ. ಆದರೂ ಹೆಸರು, ಊರು, ಇಸವಿ ಸೇರಿಸಿದರೆ ಅದಿನ್ನೂ ವಿಷಯ ಮಾತ್ರ, ಚರ್ಚೆ ಶುರುವಾಗುವುದು ವಿಶಯದಿಂದ ಎಂಬ ಆ ಹಳೆಯ ವಿಂಗಡಣೆ ಈಗಲೂ ನಮ್ಮ ಕೆಲಸಕ್ಕೆ ಬರುತ್ತದೆ.

‘ಒಂದು ಅಧ್ಯಯನ’ದ ಹುಟ್ಟು

ವಿದ್ಯಾರ್ಥಿಯೇ ಹೊಸದಾಗಿ ಏನನ್ನಾದರೂ ಕಂಡುಹಿಡಿದು ಬರೆಯಬೇಕು ಎಂಬ ನಿರೀಕ್ಷೆ ಇತ್ತೀಚಿನದು. ಹತ್ತೊಂಬತ್ತನೆಯ ಶತಮಾನದ ಬರ್ಲಿನ್‌ನಲ್ಲಿ ರಾಂಕೆಯಂಥ ಇತಿಹಾಸಕಾರರು ಸೆಮಿನಾರ್ ನಡೆಸಿ ಶಿಷ್ಯರನ್ನು ಮೂಲ ದಾಖಲೆಗಳ ಎದುರು ಕೂರಿಸಿದರು. 1876ರಲ್ಲಿ ಶುರುವಾದ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಆ ಮಾದರಿಯನ್ನು ಅಟ್ಲಾಂಟಿಕ್ ದಾಟಿಸಿತು. ಅಲ್ಲಿಂದ ಅದು ಮೆಲ್ಲಗೆ ಪದವಿ ತರಗತಿಗೂ ಇಳಿದು ‘ರಿಸರ್ಚ್ ಪೇಪರ್’ ಆಯಿತು. ಸೆಮಿನಾರ್‌ನಲ್ಲಿ ದಾಖಲೆ ಮೊದಲು, ಶೀರ್ಷಿಕೆ ಆಮೇಲೆ. ಕಾಲೇಜಿಗೆ ಇಳಿಯುವಷ್ಟರಲ್ಲಿ ಈ ಕ್ರಮ ತಿರುಗಿ ಬಿದ್ದಿತ್ತು: ಶೀರ್ಷಿಕೆ ಮೊದಲು, ದಾಖಲೆ ಸಿಕ್ಕಷ್ಟು.

ಕನ್ನಡ ಸಂಶೋಧನೆಯ ಕಥೆ ಬೇರೆ, ಅದಕ್ಕೆ ಅದರದೇ ಆದ ನ್ಯಾಯವೂ ಉಂಟು. ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಶಾಸನ ಸಂಪುಟಗಳನ್ನು ಹೊರತಂದಾಗ, ಆರ್. ನರಸಿಂಹಾಚಾರ್ಯರು 1907ರಿಂದ 1929ರವರೆಗೆ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು ಕೊಟ್ಟಾಗ ಅವರ ಮುಂದಿದ್ದದ್ದು ನಕ್ಷೆಯೇ ಇಲ್ಲದ ನಾಡು. ಯಾವ ಕವಿ, ಯಾವ ಕಾಲ, ಯಾವ ಕೃತಿ ಎಂಬುದೇ ಇತ್ಯರ್ಥವಾಗದಿದ್ದಾಗ ಕಿರಿದಾದ ಪ್ರಶ್ನೆ ಕೇಳುವುದಾದರೂ ಹೇಗೆ? ಸಮಗ್ರವಾಗಿ ಕಲೆಹಾಕುವುದೇ ಆಗಿನ ತುರ್ತು, ಹಾಗಾಗಿ ‘ಸಮಗ್ರ ಅಧ್ಯಯನ’ ಎಂಬ ಮಾತಿಗೆ ಆಗ ತೂಕವಿತ್ತು. ಆದರೆ ನಕ್ಷೆ ಸಿದ್ಧವಾದ ಮೇಲೂ ನಕ್ಷೆ ಬರೆಯುವ ಅಭ್ಯಾಸ ನಮ್ಮನ್ನು ಬಿಡಲಿಲ್ಲ. ‘ಜೀವನ ಮತ್ತು ಕೃತಿಗಳು’, ‘ತೌಲನಿಕ ಅಧ್ಯಯನ’, ‘ಒಂದು ಅಧ್ಯಯನ’ ಎಂಬ ಬಾಲಗಳು ವಿಭಾಗದಿಂದ ವಿಭಾಗಕ್ಕೆ ಹಬ್ಬಿ, ಸಂಶೋಧನೆಯ ಹೆಸರಿನಲ್ಲಿ ವಿವರ ಜೋಡಿಸುವುದು ರೂಢಿಯಾಯಿತು.

ಆ ಪರಂಪರೆಯ ಒಳ್ಳೆಯ ಪ್ರಬಂಧಗಳು ಮಾತ್ರ ಬೇರೆಯೇ ದಾರಿ ಹಿಡಿದಿದ್ದವು. 1966ರಲ್ಲಿ ಅಚ್ಚಾದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದ ಹೆಸರು ಕೇಳಿದರೆ ಅಗಾಧ ಎನಿಸುತ್ತದೆ. ಜೊತೆಗಿರುವ ‘ಕ್ರಿ.ಶ. 450–1150’ ಎಂಬ ಎಲ್ಲೆಯೂ ಏಳು ನೂರು ವರ್ಷಗಳದ್ದು. ಕಿರಿದು ಮಾಡಿ ಎನ್ನುವ ಮಾರ್ಗದರ್ಶಕರು ಇಂದು ಇದಕ್ಕೆ ಒಪ್ಪುವುದು ಅನುಮಾನ. ಆದರೂ ಅದು ಗಟ್ಟಿಯಾಗಿ ನಿಂತದ್ದು ಆಕರ ಒಂದೇ ಬಗೆಯದಾಗಿದ್ದರಿಂದ ಮತ್ತು ಪ್ರಶ್ನೆ ಹೊಸದಾಗಿದ್ದರಿಂದ. ಅರಸರ ಕಾಲ, ವಂಶಾವಳಿ ಹೇಳುವುದಕ್ಕೆಂದೇ ಬಳಕೆಯಾಗುತ್ತಿದ್ದ ಶಾಸನಗಳು ಜನಜೀವನದ ಬಗ್ಗೆ ಏನು ಹೇಳುತ್ತವೆ ಎಂದು ಅದು ಕೇಳಿತು. ಎಂ.ಎಂ. ಕಲಬುರ್ಗಿಯವರ ಮಹಾಪ್ರಬಂಧ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ ಇದರ ಎದುರು ದಿಕ್ಕಿನದು. ಒಂದೇ ಗ್ರಂಥವನ್ನು ನಡುವೆ ನೆಟ್ಟು ಅದರ ಸುತ್ತ ನೋಡುವ ಬಗೆ. ಶೀರ್ಷಿಕೆಯಲ್ಲಿ ಕೆಲಸ ಮಾಡುತ್ತಿರುವ ಪದ ‘ಪರಿಸರ’. ಒಂದರ ಹರಹು ಶತಮಾನಗಳದ್ದು, ಇನ್ನೊಂದರದು ಒಂದು ಕೃತಿಯ ಸುತ್ತಿನದು. ಎರಡೂ ನಿಲ್ಲುತ್ತವೆ ಎಂದಮೇಲೆ ಹದವನ್ನು ಅಳತೆಗೋಲಿನಿಂದ ಹೇಳಲು ಬರುವುದಿಲ್ಲ.

ದೇಶ, ಕಾಲ ಮತ್ತು ಉಳಿದ ಮೂರು

ಎಲ್ಲೆ ಕಿರಿದು ಮಾಡಿ ಎನ್ನುವ ಪಂಥಕ್ಕೆ ಸಿದ್ಧಾಂತದ ಹಂಗಿಲ್ಲ, ಅದು ಬಳಕೆಯಿಂದ ಬೆಳೆದದ್ದು. ಬರವಣಿಗೆ ಕಲಿಸುವ ಪಠ್ಯಗಳಲ್ಲಿ ಇದಕ್ಕೆ ಆಲಿಕೆಯ ಚಿತ್ರ ಬರೆಯುತ್ತಾರೆ: ಮೇಲೆ ಅಗಲ, ಕೆಳಗೆ ಕಿರಿದು. ಭಾರತ, ಕರ್ನಾಟಕ, ಜಿಲ್ಲೆ, ತಾಲ್ಲೂಕು ಎಂದು ಇಳಿಯುತ್ತ ಹೋಗುವುದು ಒಂದು ದಾರಿ. ಶತಮಾನ, ದಶಕ, ವರ್ಷ ಎಂದು ಇಳಿಯುವುದು ಇನ್ನೊಂದು. ಇದರ ಗುಣವನ್ನು ಅಲ್ಲಗಳೆಯುವಂತಿಲ್ಲ. ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸ ಯಾವುದು, ಮುಗಿಯದ್ದು ಯಾವುದು ಎಂಬ ಅಂದಾಜು ಇದರಿಂದ ಸಿಗುತ್ತದೆ.

ಇದರ ಕೊರತೆಯನ್ನು ತೋರಿಸಲು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ನೆರವಾಗುತ್ತಾರೆ. ಅವರು ಅದಕ್ಕೆಂದು ಬರೆದವರಲ್ಲ, ಆ ಮಾತು ಬೇರೆ. 1933ರಲ್ಲಿ ಹೊರಬಂದ ಕೋಲನ್ ವರ್ಗೀಕರಣದಿಂದ ಬೆಳೆದ ಅವರ ಚಿಂತನೆಯ ಪ್ರಕಾರ ಯಾವುದೇ ವಿಷಯವನ್ನು ಐದು ಮುಖಗಳಾಗಿ ಬಿಡಿಸಬಹುದು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಬಾಳಿನ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಪುಸ್ತಕವನ್ನು ಕಪಾಟಿನಲ್ಲಿ ಎಲ್ಲಿಡಬೇಕೆಂದು ತಿಳಿಯಲು ಹುಟ್ಟಿದ ಈ ಐದು ಮುಖಗಳನ್ನು ನಮ್ಮ ಪ್ರಬಂಧದ ಶೀರ್ಷಿಕೆಗಳಿಗೆ ಹಚ್ಚಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಾವು ಕಿರಿದು ಮಾಡುವುದೆಲ್ಲ ದೇಶದಲ್ಲಿ ಮತ್ತು ಕಾಲದಲ್ಲಿ. ‘ಶಕ್ತಿ’ ಎಂದು ರಂಗನಾಥನ್ ಕರೆದದ್ದು ಕ್ರಿಯೆ, ಪ್ರಕ್ರಿಯೆಗಳ ಮುಖವನ್ನು. ಕೆರೆ ತುಂಬುವುದು, ಹೂಳೆತ್ತುವುದು, ಹರಾಜಾಗುವುದು, ಮೈದಾನವಾಗುವುದು ಇವೆಲ್ಲ ಅಲ್ಲಿ ಬರುತ್ತವೆ. ಶೀರ್ಷಿಕೆಯಲ್ಲಿ ಈ ಮುಖಕ್ಕೆ ಜಾಗವೇ ಇರುವುದಿಲ್ಲ. ತಾಲ್ಲೂಕಿನಿಂದ ಹೋಬಳಿಗೆ ಇಳಿಯುವ ಬದಲು ‘ಕೆರೆ’ಯಿಂದ ‘ಕೆರೆ ಮೈದಾನವಾದದ್ದು’ ಎಂಬಲ್ಲಿಗೆ ಸರಿದರೆ ವಿಷಯ ಒಮ್ಮೆಲೇ ಜೀವ ತಳೆಯುತ್ತದೆ. ಆದರೆ ವರ್ಗೀಕರಣಕ್ಕೆ ಇಷ್ಟೇ ಸಾಧ್ಯ. ಬರೆದಾದ ಪುಸ್ತಕ ಎಲ್ಲಿ ಸೇರಬೇಕೆಂದು ಅದು ಹೇಳೀತು. ಬರೆಯಬೇಕಾದ ಪುಸ್ತಕ ಏನನ್ನು ಕೇಳಬೇಕೆಂದು ಹೇಳಲಾರದು.

ಪ್ರಶ್ನೆಯವರು

ಏನನ್ನು ಕೇಳಬೇಕು ಎಂಬುದನ್ನೇ ಮುಖ್ಯ ಮಾಡಿಕೊಂಡವರು ಇಪ್ಪತ್ತನೆಯ ಶತಮಾನದ ಕೆಲವು ತತ್ತ್ವಜ್ಞಾನಿಗಳು ಮತ್ತು ಸಮಾಜಶಾಸ್ತ್ರಜ್ಞರು. ಆರ್.ಜಿ. ಕಾಲಿಂಗ್‌ವುಡ್ 1939ರ ತಮ್ಮ ಆತ್ಮಕಥೆಯಲ್ಲಿ, ಒಂದು ಹೇಳಿಕೆ ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿಯದೆ ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಬರುವುದಿಲ್ಲ ಎಂದು ವಾದಿಸಿದರು. ಅವರು ಪುರಾತತ್ತ್ವಜ್ಞರೂ ಆಗಿದ್ದರು. ಸುಮ್ಮನೆ ಏನು ಸಿಗುತ್ತದೋ ನೋಡೋಣ ಎಂದು ಅಗೆಯುವವರ ಮೇಲೆ ಅವರಿಗಿದ್ದ ಸಿಟ್ಟು ಅರ್ಥವಾಗುವಂಥದ್ದು. ಕಾರ್ಲ್ ಪಾಪರ್ ಇನ್ನೂ ಮುಂದೆ ಹೋಗಿ, ನಾವು ಓದುವುದು ಸಮಸ್ಯೆಗಳನ್ನೇ ಹೊರತು ವಿಷಯಗಳನ್ನಲ್ಲ, ಸಮಸ್ಯೆಗಳು ವಿಭಾಗಗಳ ಗಡಿಗೆ ಕಾಯುವುದಿಲ್ಲ ಎಂದರು. ಅಮೆರಿಕದ ರಾಬರ್ಟ್ ಮರ್ಟನ್ 1987ರ ಒಂದು ಲೇಖನದಲ್ಲಿ ಇದನ್ನು ‘ನಿರ್ದಿಷ್ಟ ಅಜ್ಞಾನ’ ಎಂಬ ಸೊಗಸಾದ ಕಲ್ಪನೆಯಾಗಿ ಕೊಟ್ಟರು. ಗೊತ್ತಿಲ್ಲ ಎನ್ನುವುದು ಸುಲಭ. ಯಾವುದು ಗೊತ್ತಿಲ್ಲ, ಅದು ಗೊತ್ತಾದರೆ ಏನು ಬದಲಾಗುತ್ತದೆ ಎಂದು ಬೆರಳಿಟ್ಟು ತೋರಿಸುವುದು ವಿದ್ವತ್ತಿನ ಕೆಲಸ.

ಕಾಲೇಜು ಮಟ್ಟಕ್ಕೆ ಈ ಚಿಂತನೆಯನ್ನು ಇಳಿಸಿದ್ದು 1995ರಲ್ಲಿ ಬೂತ್, ಕೊಲೊಂಬ್ ಮತ್ತು ವಿಲಿಯಮ್ಸ್ ಬರೆದ ‘ದಿ ಕ್ರಾಫ್ಟ್ ಆಫ್ ರಿಸರ್ಚ್’. ಏನನ್ನು ಓದುತ್ತಿದ್ದೀರಿ, ಅದರಲ್ಲಿ ಯಾವುದು ತಿಳಿಯದು, ತಿಳಿಯದಿದ್ದರೆ ಓದುಗನಿಗೇನು ನಷ್ಟ ಎಂಬ ಮೂರು ಮೆಟ್ಟಿಲುಗಳನ್ನು ಅವರು ಹಾಕಿಕೊಟ್ಟರು. ನಮ್ಮಲ್ಲಿ ಹೆಚ್ಚಿನ ಪ್ರಬಂಧಗಳು ಮೊದಲ ಮೆಟ್ಟಿಲಲ್ಲೇ ಕೂತುಬಿಡುತ್ತವೆ. ಅದೇ ವರ್ಷ ವೈದ್ಯಕೀಯದಲ್ಲಿ ರೋಗಿ, ಚಿಕಿತ್ಸೆ, ಹೋಲಿಕೆ, ಪರಿಣಾಮ ಎಂಬ ನಾಲ್ಕು ಖಾನೆಯ ಚೌಕಟ್ಟು ಬಂತು. ಆಸ್ಪತ್ರೆಯ ಪ್ರಶ್ನೆಗಳಿಗೆ ಅದು ಹೇಳಿ ಮಾಡಿಸಿದಂತಿದೆ. ವಚನ ಸಾಹಿತ್ಯಕ್ಕೆ ಹಚ್ಚಲು ಹೋದವರು ಕೈ ಸುಟ್ಟುಕೊಂಡಾರು.

ಕೆರೆಯ ಉದಾಹರಣೆಗೆ ಮರಳೋಣ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ: 1890ರ ದಶಕದಲ್ಲಿ ಹೆಸರಘಟ್ಟದಿಂದ, ಮುಂದೆ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯಲ್ಲಿ ನೀರು ಬಂತು, ಊರೊಳಗಿನ ಕೆರೆ ಯಾರಿಗೂ ಬೇಡವಾಯಿತು. ಕೇಳಲು ಸರಿ ಎನಿಸುತ್ತದೆ. ಆದರೆ ಹಲಸೂರು ಕೆರೆ ಉಳಿದಿದೆಯಲ್ಲ? 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯೂ ಉಳಿದಿದೆ. ನಲ್ಲಿ ನೀರೇ ಕಾರಣವಾಗಿದ್ದರೆ ಅವೂ ಹೋಗಬೇಕಿತ್ತು. ಹಾಗಾದರೆ ಕೆರೆ ಹೋದದ್ದು ನೀರು ಬೇಡವಾದ್ದರಿಂದಲೋ, ಆ ನೀರನ್ನು ಇನ್ನೂ ಬಳಸುತ್ತಿದ್ದ ತೋಟದವರ, ಅಗಸರ ಮಾತು ಪುರಸಭೆಯಲ್ಲಿ ನಡೆಯದ್ದರಿಂದಲೋ? ಇಲ್ಲಿ ವಿಶಯ ಹುಟ್ಟಿತು. ಎಲ್ಲೆ ಕಿರಿದಾಗಿಲ್ಲ, ಹಾಗೆ ನೋಡಿದರೆ ಹೋದ ಎರಡು ಕೆರೆಗಳ ಜೊತೆಗೆ ಉಳಿದ ಎರಡೂ ಸೇರಿ ಹಿಗ್ಗಿದೆ. ಆದರೂ ವಿಷಯ ಹದಕ್ಕೆ ಬಂದಿದೆ, ಏಕೆಂದರೆ ಈಗ ಯಾವ ದಾಖಲೆ ಬೇಕು, ಯಾವುದು ಬೇಡ ಎಂದು ಪ್ರಶ್ನೆಯೇ ಹೇಳುತ್ತದೆ. ಮಣ್ಣಿನ ಗುಣ, ಮೀನಿನ ಜಾತಿ, ಕೆರೆ ಕುರಿತ ಜನಪದ ಗೀತೆಗಳ ಅಧ್ಯಾಯಗಳು ತಾವಾಗಿ ಉದುರಿಹೋಗುತ್ತವೆ.

ಈ ಪಂಥದ ವಿರುದ್ಧ ಏಳುವ ಬಲವಾದ ಆಕ್ಷೇಪವೆಂದರೆ ಪ್ರಶ್ನೆ ಮೊದಲೇ ಬರುವುದಿಲ್ಲ ಎಂಬುದು. ಎಂ.ಎನ್. ಶ್ರೀನಿವಾಸರ ಉದಾಹರಣೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಮೈಸೂರಿನವರಾದ ಅವರು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಕೊಡವರ ಬಗ್ಗೆ ಅಪಾರ ಸಾಮಗ್ರಿ ಕಲೆಹಾಕಿ ಡಾಕ್ಟರೇಟ್ ಪಡೆದರು. ಆ ಕೆಲಸದ ಸ್ವರೂಪ ಮುಖ್ಯವಾಗಿ ವಿವರಣಾತ್ಮಕ: ಆಚಾರ, ಹಬ್ಬ, ಮದುವೆ, ಮನೆತನ. ಬಳಿಕ ಆಕ್ಸ್‌ಫರ್ಡ್‌ಗೆ ಹೋಗಿ ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಕೈಕೆಳಗೆ ಅದೇ ಸಾಮಗ್ರಿಯನ್ನು ಬೇರೆ ಪ್ರಶ್ನೆ ಹಿಡಿದು ಓದಿದರು. ಆಚರಣೆಗಳು ಸಮಾಜದ ರಚನೆಯನ್ನು ಹೇಗೆ ಹಿಡಿದು ನಿಲ್ಲಿಸುತ್ತವೆ ಎಂಬ ಆ ಪ್ರಶ್ನೆಯಿಂದ 1952ರಲ್ಲಿ ಪ್ರಕಟವಾದ ಪುಸ್ತಕ ಬಂತು. ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ವಿದ್ವತ್ ಲೋಕಕ್ಕೆ ಪರಿಚಯವಾದದ್ದು ಅದರಿಂದ. ಜನ ಅವರೇ, ಸಾಮಗ್ರಿ ಅದೇ. ಪ್ರಶ್ನೆ ಬದಲಾದದ್ದಕ್ಕೆ ಫಲ ಬದಲಾಯಿತು. ಈ ಕಥೆ ಪ್ರಶ್ನೆಯವರನ್ನು ಗೆಲ್ಲಿಸುತ್ತದೆ, ಜೊತೆಗೆ ಅವರ ಅವಸರವನ್ನು ತಿದ್ದುತ್ತದೆ. ಬೆಲೆಯಲ್ಲಿ ಪ್ರಶ್ನೆ ಮೊದಲು, ಕಾಲದಲ್ಲಿ ಅದು ತಡವಾಗಿ ಬರಬಹುದು. ಆ ಸಾಮಗ್ರಿ ಕೈಯಲ್ಲಿಲ್ಲದಿದ್ದರೆ ಆಕ್ಸ್‌ಫರ್ಡ್‌ನ ಪ್ರಶ್ನೆಗೆ ಹಿಡಿದುಕೊಳ್ಳಲು ಏನೂ ಇರುತ್ತಿರಲಿಲ್ಲ.

ಆಕರ ಎಲ್ಲಿದೆಯೋ ಅಲ್ಲಿಗೆ

ಉಂಬರ್ಟೊ ಎಕೊ ಕಾದಂಬರಿಕಾರರಾಗಿ ಜಗತ್ತಿಗೆ ಗೊತ್ತಾಗುವ ಮುಂಚೆ, 1977ರಲ್ಲಿ, ಇಟಲಿಯ ವಿದ್ಯಾರ್ಥಿಗಳಿಗಾಗಿ ಪದವಿ ಪ್ರಬಂಧ ಬರೆಯುವುದು ಹೇಗೆ ಎಂಬ ಪುಸ್ತಕ ಬರೆದರು. ವಿಶ್ವವಿದ್ಯಾಲಯದ ಬಾಗಿಲು ಎಲ್ಲರಿಗೂ ತೆರೆದಿದ್ದ ಕಾಲ ಅದು. ಕೆಲಸ ಮಾಡಿಕೊಂಡು ಓದುವವರು, ಸಣ್ಣ ಊರುಗಳಿಂದ ಬಂದವರು, ಮನೆಯಲ್ಲಿ ಪುಸ್ತಕವಿಲ್ಲದವರು ಅವರ ಓದುಗರು. ವಿಷಯ ನಿಮ್ಮ ಆಸಕ್ತಿಗೆ ಹೊಂದಲಿ, ಆಕರಗಳು ಕೈಗೆ ಸಿಗುವಂತಿರಲಿ, ಸಿಕ್ಕರೂ ನಿಮ್ಮ ಭಾಷೆ-ತಿಳಿವಳಿಕೆಗೆ ನಿಲುಕುವಂತಿರಲಿ, ವಿಧಾನ ನಿಮ್ಮ ಅನುಭವಕ್ಕೆ ಮೀರದಿರಲಿ ಎಂಬುದು ಅವರ ಸಲಹೆಯ ಸಾರ. ತಮಾಷೆಯೆಂದರೆ ಎಕೊ ತಾವೇ ಅಲೆಸ್ಸಾಂಡ್ರಿಯ ಎಂಬ ಊರಿನ ಗ್ರಂಥಾಲಯಕ್ಕೆ ಹೋಗಿ, ಏನೂ ಗೊತ್ತಿಲ್ಲದ ವಿದ್ಯಾರ್ಥಿಯ ಹಾಗೆ ನಟಿಸಿ, ಬರೋಕ್ ಕಾಲದ ರೂಪಕ ಸಿದ್ಧಾಂತದ ಬಗ್ಗೆ ಎಷ್ಟು ಗ್ರಂಥಸೂಚಿ ಕಟ್ಟಬಹುದು ಎಂದು ಪರೀಕ್ಷಿಸಿದರು. ಬೇಕಾದಷ್ಟು ಕಟ್ಟಬಹುದಿತ್ತು. ಬೀದರ್ ಅಥವಾ ಚಾಮರಾಜನಗರದ ಕಾಲೇಜಿನಲ್ಲಿ ಓದುವವರಿಗೆ ಈ ಪ್ರಯೋಗ ಯಾವ ತತ್ತ್ವಶಾಸ್ತ್ರಕ್ಕಿಂತಲೂ ಹತ್ತಿರದ್ದು.

ಆಕರದವರ ವಾದದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ನೈತಿಕ ಮುಖ. ಸಿಗದ ಆಕರದ ಮೇಲೆ ಶೀರ್ಷಿಕೆ ಕಟ್ಟಿದ ವಿದ್ಯಾರ್ಥಿಗೆ ಕೊನೆಗೆ ಉಳಿಯುವ ದಾರಿ ನಕಲು ಒಂದೇ. 2018ರಲ್ಲಿ ಯುಜಿಸಿ ಕೃತಿಚೌರ್ಯ ತಡೆಯಲು ನಿಯಮ ತಂದು ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದಿತು. ಅಂದಿನಿಂದ ನಮ್ಮಲ್ಲಿ ಚರ್ಚೆಯೆಲ್ಲ ಆ ಹತ್ತರ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಕಳವು ಶುರುವಾಗುವುದು ಬಹಳ ಹಿಂದೆ, ವಿಷಯದ ಆಯ್ಕೆಯಲ್ಲಿ. ‘ಭಾರತೀಯ ಅರ್ಥವ್ಯವಸ್ಥೆಯ ಮೇಲೆ ಜಾಗತೀಕರಣದ ಪ್ರಭಾವ’ ಎಂದು ಬರೆಯಹೊರಟ ಹತ್ತೊಂಬತ್ತು ವರ್ಷದ ಹುಡುಗ ಬೇರೆಯವರ ಮಾತನ್ನಲ್ಲದೆ ಇನ್ನೇನನ್ನು ಬರೆದಾನು? ಅದೇ ಹುಡುಗ ತನ್ನೂರಿನ ಕೆರೆಗೆ ಸಂಬಂಧಿಸಿದ ಶಾಸನಗಳಲ್ಲಿ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂದು ಕಾಣುವ ದತ್ತಿಗಳು ಯಾರಿಗೆ, ಯಾವ ಕೆಲಸಕ್ಕೆ ಕೊಟ್ಟವು ಎಂದು ಎಪಿಗ್ರಾಫಿಯ ಕರ್ನಾಟಿಕದ ಒಂದು ಸಂಪುಟ ಹಿಡಿದು ನೋಡಿದರೆ ನಕಲು ಮಾಡಲು ಅಲ್ಲಿ ಬೇರೆಯವರ ಉತ್ತರವೇ ಇರುವುದಿಲ್ಲ.

ಸಮಾಜಶಾಸ್ತ್ರದಲ್ಲಿ ಇದರ ತೀವ್ರ ರೂಪವೂ ಒಂದಿದೆ. ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ, ಸಿದ್ಧಾಂತವೇ ಕ್ಷೇತ್ರದಿಂದ ಮೇಲೇಳಬೇಕು, ಮೊದಲೇ ಪ್ರಾಕ್ಕಲ್ಪನೆ ಕಟ್ಟಿಕೊಂಡು ಹೋದವರಿಗೆ ಅದನ್ನು ಸಾಬೀತು ಮಾಡುವುದಷ್ಟೇ ಕಾಣುತ್ತದೆ ಎಂದರು. ಇದು ಕಾಲಿಂಗ್‌ವುಡ್ ಅವರ ಮಾತಿಗೆ ನೇರ ಎದುರು. ಅನುಭವಿ ಸಂಶೋಧಕರ ಕೈಯಲ್ಲಿ ಈ ವಿಧಾನ ಏನನ್ನು ಕೊಟ್ಟೀತೋ, ಮೊದಲ ಸಲ ಕ್ಷೇತ್ರಕಾರ್ಯಕ್ಕೆ ಇಳಿದವರ ಕೈಯಲ್ಲಿ ಅದು ಮೂವತ್ತು ಸಂದರ್ಶನಗಳ ಕಂತೆಯಾಗಿ ಉಳಿದುಬಿಡುವ ಅಪಾಯವೇ ಹೆಚ್ಚು. ಬರಿಗೈಯಲ್ಲಿ ಹೋಗುವುದಕ್ಕೂ ಬಿಚ್ಚುಮನಸ್ಸಿನಿಂದ ಹೋಗುವುದಕ್ಕೂ ವ್ಯತ್ಯಾಸವಿದೆ.

ಮಂಕು ಕವಿಯುವ ಹಂತ

ಇದುವರೆಗೆ ಕಂಡ ಪಂಥಗಳೆಲ್ಲ ವಿಷಯ ಹೇಗಿರಬೇಕು ಎಂದು ಹೇಳಿದವು. ವಿದ್ಯಾರ್ಥಿಯ ಮನಸ್ಸಿನಲ್ಲಿ ಆಗ ಏನಾಗುತ್ತದೆ ಎಂದು ಕೇಳಿದವರು ಗ್ರಂಥಾಲಯ ವಿಜ್ಞಾನದವರು. 1968ರಲ್ಲಿ ರಾಬರ್ಟ್ ಟೇಲರ್, ಓದುಗ ಗ್ರಂಥಪಾಲಕರ ಮುಂದಿಡುವ ಪ್ರಶ್ನೆ ಅವನ ಒಳಗಿನ ಪ್ರಶ್ನೆಯಲ್ಲ ಎಂದು ತೋರಿಸಿದರು. ಹೇಳಲಾಗದ ಒಂದು ಅತೃಪ್ತಿ ಮೊದಲು ಹುಟ್ಟುತ್ತದೆ, ಅದು ಮಸುಕಾದ ಯೋಚನೆಯಾಗಿ, ಆಮೇಲೆ ವಾಕ್ಯವಾಗಿ, ಕೊನೆಗೆ ಗ್ರಂಥಾಲಯದ ಸೂಚಿಗೆ ಹೊಂದುವ ಪದವಾಗಿ ಸೊರಗುತ್ತದೆ. ಕ್ಯಾರಲ್ ಕುಲ್ತೌ ಪ್ರೌಢಶಾಲೆಯ ವಿದ್ಯಾರ್ಥಿಗಳು ಪ್ರಬಂಧ ಬರೆಯುವುದನ್ನು ಹಿಂಬಾಲಿಸಿ ನೋಡಿದಾಗ ಸಿಕ್ಕಿದ್ದು ಇನ್ನೂ ಕುತೂಹಲದ್ದು. ವಿಷಯ ಆರಿಸಿದ ಕ್ಷಣ ಒಂದಿಷ್ಟು ಹುರುಪು, ಓದಲು ಶುರುವಾದೊಡನೆ ಗೊಂದಲ, ಅನುಮಾನ, ಕೈಬಿಡೋಣವೆಂಬ ಆಲೋಚನೆ. ಅದನ್ನು ದಾಟಿದ ಮೇಲೆ ದೃಷ್ಟಿ ಒಂದೆಡೆ ನೆಲೆಗೊಳ್ಳುತ್ತದೆ, ಆತ್ಮವಿಶ್ವಾಸ ಮರಳುತ್ತದೆ. ಆ ನೆಲೆಗೊಳ್ಳುವ ಹಂತವೇ ಇಡೀ ಪ್ರಕ್ರಿಯೆಯ ತಿರುವು, ಮತ್ತು ಅದು ಆಯ್ಕೆಯ ಹಂತವಲ್ಲ.

ಗೆಟ್ಸೆಲ್ಸ್ ಮತ್ತು ಚಿಕ್ಸೆಂಟ್‌ಮಿಹಾಯಿ 1976ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಷಿಕಾಗೊದ ಕಲಾಶಾಲೆಯ ವಿದ್ಯಾರ್ಥಿಗಳ ಮುಂದೆ ಒಂದು ಮೇಜಿನ ಮೇಲೆ ಹಲವು ವಸ್ತುಗಳನ್ನಿಟ್ಟು, ಬೇಕಾದ್ದನ್ನು ಆರಿಸಿ ಇನ್ನೊಂದು ಮೇಜಿನಲ್ಲಿ ಜೋಡಿಸಿಕೊಂಡು ಚಿತ್ರ ಬರೆಯಿರಿ ಎಂದರು. ಹೆಚ್ಚು ವಸ್ತುಗಳನ್ನು ಮುಟ್ಟಿ, ತಿರುಗಿಸಿ, ಜೋಡಣೆಯನ್ನು ಕೆಡಿಸಿ ಕಟ್ಟಿದವರ ಚಿತ್ರಗಳೇ ಹೆಚ್ಚು ಸ್ವಂತಿಕೆಯವು ಎಂದು ಪರಿಣತರು ಗುರುತಿಸಿದರು. ಸಮಸ್ಯೆ ಬಿಡಿಸುವ ಜಾಣತನಕ್ಕಿಂತ ಸಮಸ್ಯೆ ಕಾಣುವ ತಾಳ್ಮೆ ದೊಡ್ಡದಿರಬಹುದು ಎಂದು ಇದು ಸೂಚಿಸುತ್ತದೆ. ಚಿತ್ರಕ್ಕೆ ಹೊಂದಿದ್ದು ಪ್ರಬಂಧಕ್ಕೂ ಹೊಂದುತ್ತದೆಂದು ಖಚಿತವಾಗಿ ಹೇಳಲಾಗದು, ಆದರೂ ಕುಲ್ತೌ ಕಂಡದ್ದರೊಡನೆ ಇದು ತಾಳೆಯಾಗುತ್ತದೆ.

ನಮ್ಮ ಆಡಳಿತ ವ್ಯವಸ್ಥೆಯ ಮುಖ್ಯ ದೋಷ ಇಲ್ಲಿ ಕಾಣುತ್ತದೆ. ಶೀರ್ಷಿಕೆ ನೋಂದಣಿ ಆಗುವುದು ಹುರುಪಿನ ಹಂತದಲ್ಲಿ. ಗೊಂದಲ ಹುಟ್ಟುವ ಹೊತ್ತಿಗೆ ಬದಲಾಯಿಸಲು ಅರ್ಜಿ, ಸಭೆ, ಒಪ್ಪಿಗೆ ಬೇಕು. ಹಾಗಾಗಿ ವಿದ್ಯಾರ್ಥಿ ಗೊಂದಲವನ್ನು ತನ್ನ ದಡ್ಡತನವೆಂದು ತಿಳಿದು ಅಡಗಿಸಿಡುತ್ತಾನೆ. ಸಮಯ ಎಲ್ಲಿದೆ, ಹದಿನಾರು ವಾರದ ಸೆಮಿಸ್ಟರಿನಲ್ಲಿ ಗೊಂದಲಪಡಲು ಬಿಡುವು ಯಾರಿಗೆ ಎಂದು ಅಧ್ಯಾಪಕರು ಕೇಳುತ್ತಾರೆ. ನ್ಯಾಯವಾದ ಮಾತು. ಆದರೆ ಶೀರ್ಷಿಕೆಯ ಬದಲು ಮೊದಲು ಒಂದು ಆಕರ ಮತ್ತು ಅದರ ಬಗ್ಗೆ ಎರಡು ಸಂಶಯಗಳನ್ನು ನೋಂದಾಯಿಸಿ, ಶೀರ್ಷಿಕೆಯನ್ನು ಕೊನೆಯ ತಿಂಗಳಿಗೆ ಬಿಟ್ಟರೆ ಹೆಚ್ಚು ಸಮಯವೇನೂ ಬೇಕಾಗುವುದಿಲ್ಲ. ಕಡತದ ನಮೂನೆ ಬದಲಾಗಬೇಕಷ್ಟೆ, ಅದೇ ಕಷ್ಟ.

ಬಿಟ್ಟ ಜಾಗ

‘ಈ ವಿಷಯದ ಬಗ್ಗೆ ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ’ ಎಂಬ ವಾಕ್ಯವಿಲ್ಲದ ಸಾರಲೇಖ ನಮ್ಮಲ್ಲಿ ಅಪರೂಪ. ಆಲ್ವೆಸ್ಸನ್ ಮತ್ತು ಸ್ಯಾಂಡ್‌ಬರ್ಗ್ ಎಂಬ ವಿದ್ವಾಂಸರು 2011ರಲ್ಲಿ ಈ ಬಗೆಯ ಬಿಟ್ಟ ಜಾಗ ಹುಡುಕುವ ಅಭ್ಯಾಸವನ್ನು ಟೀಕಿಸಿದರು. ಯಾರೂ ಮಾಡದೆ ಬಿಟ್ಟದ್ದಕ್ಕೆ ಅದು ಮಾಡಲು ತಕ್ಕುದಲ್ಲ ಎಂಬ ಕಾರಣವೂ ಇರಬಹುದಲ್ಲ? ಅವರ ಪ್ರಕಾರ ಸ್ವಾರಸ್ಯಕರ ಪ್ರಶ್ನೆ ಹುಟ್ಟುವುದು ಎಲ್ಲರೂ ಒಪ್ಪಿಕೊಂಡು ಬಂದ ಊಹೆಯ ಬುಡ ಅಲುಗಿಸಿದಾಗ. ನಲ್ಲಿ ನೀರು ಬಂದದ್ದಕ್ಕೆ ಕೆರೆ ಹೋಯಿತು ಎಂಬ ಊಹೆಯನ್ನು ಅಲುಗಿಸಿದಂತೆ. ಶೋಧಗಂಗಾ ಭಂಡಾರದಲ್ಲಿ ದೇಶದ ಪ್ರಬಂಧಗಳನ್ನು ಕೂತಲ್ಲೇ ಹುಡುಕಬಹುದಾದ ಈ ಕಾಲದಲ್ಲಿ ಯಾರೂ ಮಾಡಿಲ್ಲ ಎಂಬ ಮಾತನ್ನು ಪರೀಕ್ಷಿಸುವುದೂ ಸುಲಭ.

ಆದರೆ ಈ ಪಂಥ ಪದವಿ ವಿದ್ಯಾರ್ಥಿಗೆ ತುಸು ದುಬಾರಿ. ಬುಡ ಅಲುಗಿಸಬೇಕಾದರೆ ಮರ ಗೊತ್ತಿರಬೇಕು. ಇದೇ ಎಳೆಯನ್ನು ಹಿಡಿದು, ಪದವಿ ತರಗತಿಗೆ ಇಂಥ ಪ್ರಬಂಧವೇ ಬೇಕೆ ಎಂದು ಕೇಳುವವರೂ ಇದ್ದಾರೆ. ಅಮೆರಿಕದ ರಿಚರ್ಡ್ ಲಾರ್ಸನ್ 1982ರಲ್ಲಿಯೇ, ‘ರಿಸರ್ಚ್ ಪೇಪರ್’ ಎಂಬ ಬರವಣಿಗೆಯ ಪ್ರಕಾರವೇ ಇಲ್ಲ, ಪ್ರತಿ ಶಾಸ್ತ್ರದ ಶೋಧವೂ ಬೇರೆ, ಎಲ್ಲಕ್ಕೂ ಒಂದೇ ಅಚ್ಚು ಕೊಟ್ಟು ಕಲಿಸುವುದು ತಪ್ಪು ಎಂದು ವಾ‌ದಿಸಿದ್ದರು. ನಾನು ಅವರ ಟೀಕೆಯನ್ನು ಒಪ್ಪಿದರೂ ತೀರ್ಮಾನವನ್ನು ಒಪ್ಪಲಾರೆ. ವಿಧಾನಗಳು ಬೇರೆಯಾದರೂ, ತನಗೆ ಯಾವುದು ಗೊತ್ತಿಲ್ಲ ಎಂದು ನಿಖರವಾಗಿ ಹೇಳುವ ಕಸುಬು ಎಲ್ಲ ಶಾಸ್ತ್ರಕ್ಕೂ ಬೇಕು. ಅದನ್ನು ಪದವಿಯಲ್ಲಿ ಕಲಿಯದವರು ಡಾಕ್ಟರೇಟ್‌ನಲ್ಲಿ ಕಲಿಯುತ್ತಾರೆ ಎಂಬ ನಂಬಿಕೆಗೆ ನಮ್ಮ ಗ್ರಂಥಾಲಯಗಳ ಕಪಾಟುಗಳು ಸಾಕ್ಷಿ ಹೇಳುವುದಿಲ್ಲ.

ಇತ್ಯರ್ಥವಾಗದ್ದು

ಯಾವ ಮಟ್ಟದಲ್ಲಿ ಕಲಿಸಬೇಕು ಎಂಬುದೇ ಮೊದಲಿಗೆ ತೀರ್ಮಾನವಾಗಿಲ್ಲ. ಯುಜಿಸಿ 2022ರ ಚೌಕಟ್ಟಿನಲ್ಲಿ ನಾಲ್ಕನೆಯ ವರ್ಷಕ್ಕೆ ‘ಸಂಶೋಧನೆಯೊಂದಿಗೆ ಆನರ್ಸ್’ ಇಟ್ಟು, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರಿಗೆ 12 ಕ್ರೆಡಿಟ್‌ನ ಪ್ರಬಂಧಕ್ಕೆ ಅವಕಾಶ ಕೊಟ್ಟಿತು. ಅದೇ ವರ್ಷ ಎಂ.ಫಿಲ್. ನಿಂತಿತು. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಪದವಿಗೆ ಕಾಲಿಟ್ಟು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಎಂ.ಫಿಲ್. ಇಲ್ಲ, ನಾಲ್ಕನೆಯ ವರ್ಷವೂ ಇಲ್ಲ ಎಂದಾದರೆ ಪಿಎಚ್.ಡಿ.ಗೆ ಮೊದಲು ಸಂಶಯಪಡಲು ಕಲಿಯುವ ಜಾಗ ಯಾವುದು? ಹೆಚ್ಚು ಅಂಕ ಬಂದವರೇ ಒಳ್ಳೆಯ ಪ್ರಶ್ನೆ ಕೇಳುತ್ತಾರೆಂಬ ಊಹೆಗೆ ಆಧಾರವಾದರೂ ಏನು?

ವಿಷಯ ಯಾರದಿರಬೇಕು ಎಂಬುದೂ ಹಾಗೆಯೇ ಉಳಿದಿದೆ. ವಿಜ್ಞಾನದ ಪ್ರಯೋಗಾಲಯದಲ್ಲಿ ಮಾರ್ಗದರ್ಶಕರ ಯೋಜನೆಯ ಒಂದು ತುಣುಕನ್ನು ವಿದ್ಯಾರ್ಥಿಗೆ ಕೊಡುವುದು ವಾಡಿಕೆ, ಅದರಿಂದ ಒಳ್ಳೆಯ ಕೆಲಸವೂ ಬರುತ್ತದೆ. ಮಾನವಿಕಗಳಲ್ಲಿ ಅದನ್ನೇ ಮಾಡಿದರೆ ಸ್ವಂತಿಕೆ ಹೋಯಿತು ಎನ್ನುತ್ತೇವೆ. ಕೊಟ್ಟ ಪ್ರಶ್ನೆಯನ್ನು ತನ್ನದಾಗಿಸಿಕೊಳ್ಳುವುದು ಸಾಧ್ಯವೇ, ಸಾಧ್ಯವಾದರೆ ಅದು ಕಾಣುವುದು ಎಲ್ಲಿ ಎಂಬುದನ್ನು ಯಾವ ಪಂಥವೂ ಬಿಡಿಸಿ ಹೇಳಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕೇಳಿದರೆ ಚಹಾ ಆರುವಷ್ಟರಲ್ಲಿ ಇಪ್ಪತ್ತು ಶೀರ್ಷಿಕೆ ಕೊಡುತ್ತದೆ. ದೇಶ-ಕಾಲದಲ್ಲಿ ಅವು ಅಚ್ಚುಕಟ್ಟಾಗಿ ಕಿರಿದಾಗಿಯೇ ಇರುತ್ತವೆ. ಅವುಗಳಲ್ಲೊಂದನ್ನು ಹಿಡಿದು ಪತ್ರಾಗಾರಕ್ಕೆ ಹೋಗಿ, ಅಲ್ಲಿಯ ಕಡತ ಕಂಡು ಆ ಪ್ರಶ್ನೆಯನ್ನೇ ಮುರಿದು ಕಟ್ಟಿದ ವಿದ್ಯಾರ್ಥಿಯ ಕೆಲಸ ಸ್ವಂತದ್ದೇ ಅಲ್ಲವೇ? ಕುಲ್ತೌ ವಿವರಿಸಿದ ಗೊಂದಲದ ಹಂತವನ್ನು ಯಂತ್ರ ಕಿರಿದು ಮಾಡುತ್ತದೋ, ಹಾರಿಸಿಬಿಡುತ್ತದೋ ಎಂಬುದಕ್ಕೂ ಉತ್ತರ ಇನ್ನೂ ಬರಬೇಕಿದೆ.

ಇವೆಲ್ಲಕ್ಕಿಂತ ಕನ್ನಡದಲ್ಲಿ ಬರೆಯುವವರನ್ನು ಹೆಚ್ಚು ಕಾಡಬೇಕಾದ ಪ್ರಶ್ನೆ ಬೇರೊಂದಿದೆ. ನಮ್ಮ ಆಕರಗಳು ಬಹುಪಾಲು ಕನ್ನಡದಲ್ಲಿವೆ: ಶಾಸನ, ಕಡತ, ಬಖೈರು, ಪತ್ರಿಕೆ, ಬಾಯಿಮಾತು. ಅವುಗಳ ಸುತ್ತಲಿನ ಸೈದ್ಧಾಂತಿಕ ಚರ್ಚೆ ಬಹುಪಾಲು ಇಂಗ್ಲಿಷಿನಲ್ಲಿದೆ. ಪ್ರಶ್ನೆಯನ್ನು ಅಲ್ಲಿಂದ ತಂದರೆ ಶ್ರೀನಿವಾಸರಿಗೆ ಆದಂತೆ ಹಳೆಯ ಸಾಮಗ್ರಿ ಹೊಸದಾಗಿ ಮಾತಾಡಬಹುದು. ‘ಕಟ್ಟುಕೊಡಗೆ’ಯಂಥ ಪದ ತಾನೇ ಹೊತ್ತಿರುವ ಪ್ರಶ್ನೆ ಕಿವಿಗೆ ಬೀಳದೆ ಹೋಗಲೂಬಹುದು. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ವಿಧಾನವೊಂದನ್ನು ನಮ್ಮ ಸಂಶೋಧನಾ ವಿಧಾನದ ಪಠ್ಯಪುಸ್ತಕಗಳು ಇನ್ನೂ ಬರೆದಿಲ್ಲ.